ಟಾನ್ಸಿಲ್ ಆಪರೇಷನ್ನಿನಲ್ಲಿ ಆ ಒಂದು ಡೋಸ್

ಮುಂಬೈನ ಪರೇಲಿನಲ್ಲಿ ಕೆಇಎಂ ಆಸ್ಪತ್ರೆ, 1929ರಲ್ಲಿ ಶುರುವಾದ ವಾಡಿಯಾ ಮಕ್ಕಳ ಆಸ್ಪತ್ರೆ, ಟಾಟಾ ಕ್ಯಾನ್ಸರ್ ಆಸ್ಪತ್ರೆ ಮೂರೂ ಅಕ್ಕಪಕ್ಕದಲ್ಲಿವೆ. ಇಂಥ ಕಡೆ ಮಗುವಿನ ಟಾನ್ಸಿಲ್ ತೆಗೆಸಲು ಬಂದ ಅಪ್ಪ ಅಮ್ಮನಿಗೆ ‘ಸ್ಟೀರಾಯ್ಡ್’ ಎಂಬ ಮಾತು ಕೇಳಿದರೆ ಎದೆ ಧಸಕ್ಕೆನ್ನುವುದು ಸಹಜ. 2021ರ ಕಪ್ಪು ಶಿಲೀಂಧ್ರದ ದಿನಗಳನ್ನು ಯಾರು ಮರೆತಾರು?

ಆದರೆ ಅದು ಕೋವಿಡ್ ರೋಗಿಗಳಿಗೆ ದಿನಗಟ್ಟಲೆ ಕೊಟ್ಟ ಸ್ಟೀರಾಯ್ಡಿನ ಕಥೆ. ಇಲ್ಲಿ ಮಗುವಿಗೆ ಅರಿವಳಿಕೆ ಕೊಟ್ಟ ಮೇಲೆ ರಕ್ತನಾಳಕ್ಕೆ ಹಾಕುವುದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡಿನ ಒಂದೇ ಡೋಸ್. ಅದರಿಂದ ಗಂಟಲ ಊತ ಇಳಿಯುತ್ತದೆ, ವಾಂತಿ ಕಡಿಮೆಯಾಗುತ್ತದೆ, ಮಗು ಬೇಗ ನೀರು ಗುಟುಕರಿಸುತ್ತದೆ.

ಇದರಿಂದ ರಕ್ತಸ್ರಾವ ಹೆಚ್ಚಬಹುದೇ ಎಂಬ ಅನುಮಾನ ಹುಟ್ಟಿದ್ದು ಜಿನೀವಾದಲ್ಲಿ. 2008ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ 215 ಮಕ್ಕಳಿದ್ದರು. ಕೆ.ಜಿ.ಗೆ 0.5 ಮಿ.ಗ್ರಾಂ ಪಡೆದವರಲ್ಲಿ, ಔಷಧಿ ಪಡೆಯದವರಿಗೆ ಹೋಲಿಸಿದರೆ, ವಾಂತಿ, ವಾಕರಿಕೆ ಶೇ 44ರಿಂದ 12ಕ್ಕೆ ಇಳಿಯಿತು, ಆದರೆ ರಕ್ತಸ್ರಾವ ಶೇ 4ರ ಬದಲು 24ರಷ್ಟು ಕಂಡಿತು. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ನಿಲ್ಲಿಸಿದ್ದು ಸರಿ. ಆದರೆ ಅದು ವಾಂತಿಯನ್ನು ಅಳೆಯಲು ಹೂಡಿದ ಅಧ್ಯಯನ, ರಕ್ತಸ್ರಾವ ಅದರ ಮುಖ್ಯ ಪ್ರಶ್ನೆಯಾಗಿರಲಿಲ್ಲ. ರಕ್ತಸ್ರಾವವನ್ನೇ ಗುರಿಯಾಗಿಟ್ಟುಕೊಂಡು ಅಮೆರಿಕದಲ್ಲಿ 314 ಮಕ್ಕಳ ಮೇಲೆ ನಡೆದ ಅಧ್ಯಯನ 2012ರಲ್ಲಿ ಬಂತು. ಅದೇ ಪ್ರಮಾಣ ಕೊಟ್ಟರೂ ಆಸ್ಪತ್ರೆಗೆ ಮರಳಿ ಸೇರಿಸುವಂಥ, ಮತ್ತೆ ಆಪರೇಷನ್ ಬೇಕಾಗುವಂಥ ರಕ್ತಸ್ರಾವ ಹೆಚ್ಚಲಿಲ್ಲ. ಮನೆಯಲ್ಲಿ ಕಂಡ ಚಿಕ್ಕಪುಟ್ಟ ರಕ್ತದ ವಿಷಯ ಮಾತ್ರ ಇತ್ಯರ್ಥವಾಗದೆ ಉಳಿಯಿತು. ಅಮೆರಿಕದ ಕಿವಿ ಮೂಗು ಗಂಟಲು ತಜ್ಞರ 2019ರ ಮಾರ್ಗಸೂಚಿ ಈ ಒಂದು ಡೋಸನ್ನು ಬಲವಾಗಿ ಶಿಫಾರಸು ಮಾಡುತ್ತದೆ.

ನನಗೆ ಹೆಚ್ಚು ಮುಖ್ಯ ಎನಿಸುವುದು ಬೇರೆ. ಒಂದೇ ಕಡೆಯ ಟಾನ್ಸಿಲ್ ಬೇಗ ಬೇಗ ದಪ್ಪವಾಗಿದ್ದರೆ, ಜೊತೆಗೆ ಬಿಡದ ಜ್ವರ, ಬಿಳಿಚಿಕೊಂಡ ಮೈ, ಕುತ್ತಿಗೆಯಲ್ಲಿ ಗಡ್ಡೆ ಇದ್ದರೆ ಅದನ್ನು ಆಪರೇಷನ್ನಿಗೆ ಮೊದಲೇ ಹೇಳಬೇಕು. ಅಪರೂಪಕ್ಕೆ ಅದು ಲಿಂಫೋಮಾ ಅಥವಾ ರಕ್ತದ ಕ್ಯಾನ್ಸರ್ ಆಗಿರಬಹುದು. ಆಗ ಒಂದೇ ಡೋಸ್ ಸ್ಟೀರಾಯ್ಡಿಗೂ ಕ್ಯಾನ್ಸರ್ ಕೋಶಗಳು ಒಮ್ಮೆಲೇ ಒಡೆದು ಮೂತ್ರಪಿಂಡ, ಹೃದಯಕ್ಕೆ ಅಪಾಯವಾದ ಪ್ರಕರಣಗಳು ವರದಿಯಾಗಿವೆ. ಮಗುವಿಗೆ ಸಕ್ಕರೆ ಕಾಯಿಲೆ ಇದ್ದರೆ, ಮನೆತನದಲ್ಲಿ ರಕ್ತ ಹೆಪ್ಪುಗಟ್ಟದ ತೊಂದರೆ ಇದ್ದರೆ ಅದನ್ನೂ ಅರಿವಳಿಕೆ ತಜ್ಞರಿಗೆ ತಿಳಿಸಿ. ಡೋಸಿನ ಪ್ರಮಾಣ ಎಷ್ಟು ಎಂದು ಕೇಳಲು ಸಂಕೋಚ ಬೇಡ. ಜಿನೀವಾದಲ್ಲಿ ಕೆ.ಜಿ.ಗೆ 0.15 ಮಿ.ಗ್ರಾಂ ಕೂಡ ವಾಂತಿ, ವಾಕರಿಕೆಯನ್ನು ಶೇ 24ಕ್ಕೆ ಇಳಿಸಿತ್ತು.

ಸ್ಟೀರಾಯ್ಡ್ ಕೊಟ್ಟರೂ ಬಿಟ್ಟರೂ ಮೊದಲ ದಿನ, ಆಮೇಲೆ ಗಾಯದ ಪೊರೆ ಕಳಚುವ 5ರಿಂದ 10ನೇ ದಿನ ಎಚ್ಚರ ಬೇಕು. ಮಗು ನಿದ್ದೆಯಲ್ಲಿ ಪದೇ ಪದೇ ನುಂಗುತ್ತಿದ್ದರೆ, ಉಗುಳಿನಲ್ಲಿ ಹಸಿ ರಕ್ತ ಕಂಡರೆ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೊರಡಿ.