ಘಾಟಿ ಹತ್ತುವಾಗ ಗೇರ್‌ಬಾಕ್ಸಿನೊಳಗೆ

ಗುಂಡ್ಲುಪೇಟೆ ಬಳಿಯ ಭೀಮನಬೀಡಿನ ಕಡೆಯವರು ಕಾರು ತೆಗೆದುಕೊಂಡು ದೂರ ಹೊರಟರೆ ರಾಜ್ಯದ ಗಡಿ ದಾಟುವುದುಂಟು. ಗುಂಡ್ಲುಪೇಟೆಯಲ್ಲಿ ದಾರಿ ಕವಲಾಗುತ್ತದೆ. ಹೆದ್ದಾರಿ 766 ವಯನಾಡಿನ ಮೂಲಕ ಕಲ್ಲಿಕೋಟೆಗೆ ಹೋದರೆ, 181 ಬಂಡೀಪುರ ದಾಟಿ ಊಟಿಗೆ ಹೋಗುತ್ತದೆ. ಎರಡರಲ್ಲೂ ಮೊದಲು ಕಾಡು, ಆಮೇಲೆ ಘಾಟಿ. ಬಯಲಿನಲ್ಲಿ ಸದ್ದಿಲ್ಲದೆ ಓಡಿದ ಗೇರ್‌ಬಾಕ್ಸು ಈ ಘಾಟಿಗಳಲ್ಲೇ ಕೈಕೊಡುವುದಕ್ಕೆ ಕಾರಣ ಶಾಖ.

ಊಟಿ ದಾರಿಯ ತೆಪ್ಪಕಾಡಿನಿಂದ ಮಸಿನಗುಡಿ ಕಡೆ ತಿರುಗಿದರೆ ಕಲ್ಹಟ್ಟಿಯ 36 ಹೇರ್‌ಪಿನ್ ತಿರುವುಗಳು ಸಿಗುತ್ತವೆ. ಅಲ್ಲಿ ಮುಂದಿನ ಬಸ್ಸು ನಿಂತಾಗ ಹ್ಯಾಂಡ್‌ಬ್ರೇಕ್ ಹಾಕದೆ ಹಾಫ್ ಕ್ಲಚ್‌ನಲ್ಲೇ ಕಾರನ್ನು ಹಿಡಿದಿಡುವವರು ಬಹಳ ಜನ. ಎಂಜಿನ್ ತಿರುಗುತ್ತಿದೆ, ಚಕ್ರ ನಿಂತಿದೆ. ಇವೆರಡರ ನಡುವಿನ ವ್ಯತ್ಯಾಸವನ್ನೆಲ್ಲ ಕ್ಲಚ್ ಪ್ಲೇಟು ಉಜ್ಜಿಕೊಂಡು ತೀರಿಸಬೇಕು. ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿಯಲ್ಲಿ, ಮಂದಿ ತುಂಬಿದ 1,400 ಕಿಲೋ ತೂಕದ ಕಾರನ್ನು 1,500 ಆರ್‌ಪಿಎಂನಲ್ಲಿ ಹೀಗೆ ನಿಲ್ಲಿಸಿಕೊಂಡರೆ ಸುಮಾರು 4 ಕಿಲೋವ್ಯಾಟ್ ಶಾಖ ಹುಟ್ಟುತ್ತದೆ. ಅಷ್ಟೂ ಬೀಳುವುದು ಸುಮಾರು 20 ಸೆಂಟಿಮೀಟರ್ ಅಗಲದ ಆ ಬಿಲ್ಲೆಯ ಮೇಲೆ. ಸುಟ್ಟ ವಾಸನೆ ಬಂತೆಂದರೆ ಪ್ಲೇಟಿನ ಪದರ ಸವೆಯಲು ಶುರುವಾಗಿದೆ. ಆಮೇಲೆ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕಿರುಚುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ.

ಎಎಂಟಿ ಕಾರಿನವರು ಇದನ್ನು ವಿಶೇಷವಾಗಿ ತಿಳಿದಿರಬೇಕು. ಕ್ಲಚ್ ಪೆಡಲ್ ಇಲ್ಲ, ಆದರೆ ಒಳಗೆ ಅದೇ ಕ್ಲಚ್ ಪ್ಲೇಟು ಇದೆ, ಅದನ್ನು ಮೋಟಾರು ಒತ್ತುತ್ತದೆ ಅಷ್ಟೆ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಿಂದಲೇ ಕಾರನ್ನು ನಿಲ್ಲಿಸಿಕೊಂಡರೆ ಪ್ಲೇಟು ಅದೇ ರೀತಿ ಸುಡುತ್ತದೆ.

ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್‌ನ ಕಥೆ ಬೇರೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಹಡಗುಗಳಿಗೆಂದು ಪೇಟೆಂಟ್ ಪಡೆದ ಉಪಾಯ ಅದು. ಎಂಜಿನ್ ಕಡೆಯ ರೆಕ್ಕೆಚಕ್ರ ಎಣ್ಣೆಯನ್ನು ಚಿಮ್ಮಿಸುತ್ತದೆ, ಆ ಎಣ್ಣೆಯ ರಭಸಕ್ಕೆ ಗೇರಿನ ಕಡೆಯ ಚಕ್ರ ತಿರುಗುತ್ತದೆ. ನಿಧಾನದ ಏರಿನಲ್ಲಿ ಎರಡರ ವೇಗಕ್ಕೂ ಅಂತರ ಹೆಚ್ಚಿ ಎಣ್ಣೆ ಕಾಯುತ್ತದೆ. ಅತಿಯಾಗಿ ಕಾದ ಎಣ್ಣೆ ಕಪ್ಪಾಗಿ ಜಾರುವ ಗುಣ ಕಳೆದುಕೊಳ್ಳುತ್ತದೆ, ಗೇರ್ ಬೀಳುವುದು ತಡವಾಗುತ್ತದೆ. ಕಾರಿನ ಕಂಪ್ಯೂಟರ್ ಅಪಾಯ ಕಂಡರೆ ಒಂದೇ ಗೇರಿಗೆ ಕಟ್ಟಿಹಾಕಿ, ಮೆಲ್ಲಗೆ ಹೋಗುವಷ್ಟು ಮಾತ್ರ ಬಿಡುತ್ತದೆ. ಇದನ್ನೇ ಲಿಂಪ್ ಮೋಡ್ ಎನ್ನುವುದು.

ಹೀಗೆ ಕಾದಾಗ ಏನು ಮಾಡಬೇಕೆಂಬುದೂ ಗೇರ್‌ಬಾಕ್ಸಿನ ಜಾತಿಯ ಮೇಲೆ ಹೋಗುತ್ತದೆ. ಕನ್ವರ್ಟರ್ ಕಾರನ್ನು ಬದಿಗೆ ನಿಲ್ಲಿಸಿ, ಪಾರ್ಕ್‌ನಲ್ಲಿಟ್ಟು, ಎಂಜಿನ್ ಐಡಲ್‌ನಲ್ಲಿ ಓಡಲು ಬಿಡಬೇಕು. ಎಂಜಿನ್ ನಡೆಸುವ ಪಂಪು ಎಣ್ಣೆಯನ್ನು ಕೂಲರ್‌ಗೆ ಕಳಿಸುತ್ತದೆ, ಆರಿಸಿಬಿಟ್ಟರೆ ಕಾದ ಎಣ್ಣೆ ಅಲ್ಲೇ ನಿಲ್ಲುತ್ತದೆ. ಮ್ಯಾನ್ಯುಯಲ್ ಮತ್ತು ಎಎಂಟಿಗೆ ಹ್ಯಾಂಡ್‌ಬ್ರೇಕ್ ಹಾಕಿ ನ್ಯೂಟ್ರಲ್‌ನಲ್ಲಿ ಬಿಟ್ಟು, ತಣ್ಣಗಾಗುವವರೆಗೆ ಕಾಯುವುದೇ ಮದ್ದು.

ಇಳಿಯುವಾಗ ಲೆಕ್ಕ ತಿರುಗುಮುರುಗು. ಕಲ್ಹಟ್ಟಿಯಂಥ ಘಾಟಿಯಲ್ಲಿ 1,200 ಮೀಟರ್ ಕೆಳಗಿಳಿಯುವ ಅದೇ ಕಾರು ಕಳೆದುಕೊಳ್ಳಬೇಕಾದ ಶಕ್ತಿ 50 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಲ್ಲದು. ತೆರಕಣಾಂಬಿ ಮಾರುಕಟ್ಟೆಯಿಂದ ಕೇರಳಕ್ಕೆ ತರಕಾರಿ ಒಯ್ಯುವಂಥ ಲಾರಿಗಳ ಡ್ರೈವರುಗಳು ಹತ್ತಿದ ಗೇರಿನಲ್ಲೇ ಇಳಿಯುತ್ತಾರೆ. ಆ ಶಕ್ತಿಯ ದೊಡ್ಡ ಪಾಲನ್ನು ಎಂಜಿನ್ ತಡೆಯುವುದರಿಂದ ಬ್ರೇಕ್ ಉಳಿಯುತ್ತದೆ. ಆಟೊಮ್ಯಾಟಿಕ್ ಕಾರಿನವರೂ ಡಿ ಬಿಟ್ಟು ಎಲ್ ಅಥವಾ ಮ್ಯಾನ್ಯುಯಲ್ ಮೋಡ್‌ಗೆ ಬರಬೇಕು. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುತ್ತೇವೆನ್ನುವುದು ಪ್ರಾಣಕ್ಕೇ ಕುತ್ತು.

ಗೇರ್ ತಡವರಿಸುವುದು, ವಾಸನೆ, ಎಚ್ಚರಿಕೆ ದೀಪ, ಇವುಗಳಲ್ಲಿ ಒಂದು ಕಂಡರೂ ಕಾಡು ಹೊಗುವ ಮೊದಲೇ ನಿಲ್ಲಿಸಿ ನೋಡಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಬಂಡೀಪುರದೊಳಗೆ ಗಾಡಿ ನಿಲ್ಲಿಸುವಂತಿಲ್ಲ, ಆನೆ ಓಡಾಡುವ ಜಾಗದಲ್ಲಿ ಬಾನೆಟ್ ಎತ್ತಿ ನಿಲ್ಲಲೂ ಆಗದು. 2009ರಿಂದ ಈ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವೂ ಇದೆ. ಆದರೂ ಕೆಟ್ಟು ನಿಂತರೆ ಗಾಜು ಏರಿಸಿ ಒಳಗೇ ಕುಳಿತು, ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಬೇಕು. ಕನ್ವರ್ಟರ್ ಕಾರಾದರೆ ಹಗ್ಗ ಕಟ್ಟಿ ಎಳೆಯಲು ಬಿಡಬಾರದು. ಎಂಜಿನ್ ಆರಿದಾಗ ಪಂಪೂ ನಿಂತಿರುತ್ತದೆ, ಎಣ್ಣೆ ಸಿಗದೆ ತಿರುಗುವ ಗೇರುಗಳು ಕೆಲವೇ ಕಿಲೋಮೀಟರಿನಲ್ಲಿ ಹಾಳಾಗಬಹುದು. ನಾಲ್ಕೂ ಚಕ್ರ ಮೇಲೇರಿಸಿ ಒಯ್ಯುವ ಗಾಡಿಯೇ ಬೇಕೆಂದು ಫೋನಿನಲ್ಲೇ ಹೇಳಿಬಿಡಿ.