ಟ್ಯಾಂಕಿನ ಒಳಗೆಲ್ಲ ಸುಣ್ಣ ಬಳಿದಿರಲಿಲ್ಲ

ಎರಡನೇ ಮಹಾಯುದ್ಧದ ಜರ್ಮನ್ ಟೈಗರ್ ಟ್ಯಾಂಕಿನ 1:35 ಅಳತೆಯ ಪ್ಲಾಸ್ಟಿಕ್ ಮಾಡೆಲ್‌ನ ಒಡಲು ಮೇಜಿನ ಮೇಲೆ ಹೆಚ್ಚೂಕಡಿಮೆ 18 ಸೆಂಟಿಮೀಟರ್ ಉದ್ದ. ಅದರ ಹೊರಮೈಯ ಬಣ್ಣಕ್ಕಾಗಿ ತಿಂಗಳುಗಟ್ಟಲೆ ಪುಸ್ತಕ ತಿರುವಿಹಾಕುವ ಮಾಡೆಲ್‌ಪ್ರಿಯರು ಒಳಗಿನ ಮಾತು ಬಂದೊಡನೆ ಒಂದು ಡಬ್ಬಿ ಬಿಳಿ ತಂದು ಕೈತೊಳೆದುಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದವನು. ನನ್ನ ಮೊದಲ ಟೈಗರ್‌ನ ಹೊಟ್ಟೆ ಹಬ್ಬಕ್ಕೆ ಸುಣ್ಣ ಹೊಡೆಸಿದ ಅಡುಗೆಮನೆಯ ಹಾಗೆ ಹೊಳೆಯುತ್ತಿತ್ತು. ಜನ ಹತ್ತಿಳಿಯುವ ಕಂಡಿಗಳ ತೆರೆದಿಟ್ಟ ಮುಚ್ಚಳಗಳ ಒಳಮೈಯೂ ಅಷ್ಟೇ ಬೆಳ್ಳಗೆ. ಎರಡೂ ತಪ್ಪು, ಎರಡನೆಯದು ಇನ್ನೂ ದೊಡ್ಡ ತಪ್ಪು.

ಟ್ಯಾಂಕಿನ ಒಳಗೆಂದರೆ ಬಿಳಿ ಎಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕಿಟಕಿಯಿಲ್ಲದ ಕಬ್ಬಿಣದ ಕೋಣೆ, ಟೈಗರ್‌ನಲ್ಲಾದರೆ ಅದರಲ್ಲಿ ಐದು ಜನ, 92 ಗುಂಡುಗಳು, ಬೆಳಕಿಗೆ ನಾಲ್ಕಾರು ಚಿಕ್ಕ ಬಲ್ಬು. ಗುಂಡು ತುಂಬುವವನ ಕೈಗೆ ಬೇಕಾದದ್ದು ತಕ್ಷಣ ಸಿಗಬೇಕಾದರೆ ಇರುವಷ್ಟು ಬೆಳಕನ್ನು ಗೋಡೆಯೇ ಹಿಂದಿರುಗಿಸಿ ಕೊಡಬೇಕು. ಅದಕ್ಕೇ ತಿಳಿ ಬಣ್ಣ. ಆದರೆ ತಿಳಿ ಎಂದರೆ ಎಲ್ಲ ಕಡೆಯೂ ಬಿಳಿಯಲ್ಲ. ಜರ್ಮನರು ಬಳಿದದ್ದು ಆನೆದಂತದ ಬಣ್ಣ, ಹೆಸರಿಗೆ ತಕ್ಕಂತೆ ಕೆನೆಯ ಹಾಗೆ ತುಸು ಹಳದಿ ತಿರುಗಿದ್ದು. ಅಮೆರಿಕದ ಶೆರ್ಮನ್ ಟ್ಯಾಂಕಿನ ಒಳಗೆ ಹೊಳಪಿನ ಬಿಳಿಯೇ ಇತ್ತು. ಎರಡನೇ ಮಹಾಯುದ್ಧದ ಆರಂಭದ ಬ್ರಿಟಿಷ್ ಟ್ಯಾಂಕುಗಳಲ್ಲಿ ಅಲ್ಯೂಮಿನಿಯಂ ಬೆಳ್ಳಿ ಬಣ್ಣ ಕಾಣುತ್ತದೆ, ಬಿಳಿ ಬಂದದ್ದು ಆಮೇಲೆ. ವಿಯೆಟ್ನಾಂ ಕಾಲದ ಎಂ-113 ಸೈನಿಕವಾಹನದ ಒಳಗೆ ಎಳೆ ಹಸಿರು.

ಒಂದೇ ಟ್ಯಾಂಕಿನ ಒಳಗೂ ಒಂದೇ ಬಣ್ಣವಿಲ್ಲ. ಜರ್ಮನ್ ಟ್ಯಾಂಕುಗಳಲ್ಲಿ ಆನೆದಂತದ ಬಣ್ಣ ಸಾಮಾನ್ಯವಾಗಿ ಜನ ಕೂತು ಕೆಲಸ ಮಾಡುವ ಮೇಲ್ಭಾಗಕ್ಕೆ ಮಾತ್ರ. ನೆಲ, ಒಡಲಿನ ಕೆಳಭಾಗ, ಎಂಜಿನ್ ಕೋಣೆ ಎಲ್ಲ ಕೆಂಪು ಪ್ರೈಮರ್‌ನಲ್ಲೇ ಉಳಿಯುತ್ತಿದ್ದವು. ಆ ಕೆಂಪು ನಮಗೇನೂ ಹೊಸದಲ್ಲ. ಕಿಟಕಿಯ ಗ್ರಿಲ್ಲಿಗೆ ಬಣ್ಣಕ್ಕೆ ಮೊದಲು ಹೊಡೆಯುತ್ತಾರಲ್ಲ, ಆ ರೆಡ್ ಆಕ್ಸೈಡ್‌ನ ಬಂಧುವೇ. ಕಣ್ಣಿಗೆ ಬೆಳಕು ಬೇಕಿಲ್ಲದ ಕಡೆ ಇನ್ನೊಂದು ಕೋಟ್ ಯಾಕೆ ಎಂಬುದು ಕಾರ್ಖಾನೆಯ ಲೆಕ್ಕ. ರೇಡಿಯೋ ಪೆಟ್ಟಿಗೆಗಳು ಬೇರೆ ಕಾರ್ಖಾನೆಯಿಂದ ತಮ್ಮದೇ ಬೂದು ಬಣ್ಣ ಹೊತ್ತು ಬರುತ್ತಿದ್ದವು. ಫಿರಂಗಿಯ ಹಿಂಬದಿಯಲ್ಲಿ ಗುಂಡು ತೂರಿಸುವ ಬಾಯಿಗೆ ಅಡ್ಡ ಬರುವ ಉಕ್ಕಿನ ದಪ್ಪ ತುಂಡಿಗೆ ಬಣ್ಣವೇ ಇಲ್ಲ, ಎಣ್ಣೆ ಸವರಿದ ಬರೀ ಉಕ್ಕು.

ಈಗ ಮುಚ್ಚಳಗಳಿಗೆ ಬರೋಣ. 'ಮುಚ್ಚಳದ ಒಳಮೈ ಒಳಗಿನದ್ದೇ ತಾನೇ, ಅದಕ್ಕೂ ಒಳಗಿನ ಬಣ್ಣವೇ' ಎಂದು ತರ್ಕ ಹೇಳುತ್ತದೆ. ಕಿಟ್ ಕಟ್ಟುವಾಗ ನಾನು ನಂಬಿದ್ದೂ ಇದನ್ನೇ. ಆದರೆ ಮುಚ್ಚಳ ತೆರೆದಾಗ ಅದರ ಒಳಮೈ ಆಕಾಶಕ್ಕೋ ಎದುರಾಳಿಗೋ ಮುಖ ಮಾಡುತ್ತದೆ. ಹಸಿರು ಹೊಲದ ನಡುವೆ ಬೆಳ್ಳಗಿನ ಎರಡು ತಟ್ಟೆ ಎತ್ತಿ ಹಿಡಿದ ಹಾಗೆ. ಆದ್ದರಿಂದಲೇ ಶೆರ್ಮನ್ ಮುಚ್ಚಳಗಳ ಒಳಮೈಗೆ ಹೊರಮೈಯ ಕಂದುಹಸಿರನ್ನೇ ಬಳಿಯುತ್ತಿದ್ದರು. ಜರ್ಮನರೂ ಹೊರಕ್ಕೆ ತೆರೆದುಕೊಳ್ಳುವ ಮುಚ್ಚಳಕ್ಕೆ ಸಾಮಾನ್ಯವಾಗಿ ಹೊರಗಿನ ಬಣ್ಣವನ್ನೇ ಕೊಡುತ್ತಿದ್ದರು. ನೆತ್ತಿ ತೆರೆದ ವಾಹನಗಳ ಲೆಕ್ಕವೂ ಇದೇ. ಅಮೆರಿಕದ ಟ್ಯಾಂಕ್‌ನಾಶಕ ಎಂ-10ರ ಟರೆಟ್‌ಗೆ, ಅಂದರೆ ಫಿರಂಗಿ ಹೊತ್ತು ತಿರುಗುವ ಗೋಪುರಕ್ಕೆ, ಛಾವಣಿಯಿಲ್ಲ. ಎಂ-3 ಹಾಫ್‌ಟ್ರ್ಯಾಕ್ ಸೈನಿಕವಾಹನದಲ್ಲಿ ಸೈನಿಕರು ಬಯಲಿನಲ್ಲೇ ಕೂತ ಹಾಗೆ. ಬೆಳಕು ಮೇಲಿಂದ ಧಾರಾಳ, ಶತ್ರು ವಿಮಾನದ ಕಣ್ಣೂ ಮೇಲಿಂದಲೇ. ಅಲ್ಲಿ ಬಿಳಿಗೆ ಕೆಲಸವಿಲ್ಲ, ಅಪಾಯವಿದೆ. ಹಾಗಾಗಿ ಒಳಗೂ ಕಂದುಹಸಿರು. ಕಿಟ್‌ನ ಯಾವ ತುಂಡು ಕೈಗೆತ್ತಿಕೊಂಡರೂ ನಾನೀಗ ಮೊದಲು ಕೇಳಿಕೊಳ್ಳುವುದು ಇಷ್ಟೇ: ಇದನ್ನು ನೋಡುವ ಕಣ್ಣು ಒಳಗಿನವರದ್ದೋ, ಹೊರಗಿನವರದ್ದೋ? ಬಣ್ಣದ ಚಾರ್ಟು ಆಮೇಲೆ.

ಯುದ್ಧದ ಕೊನೆಯ ತಿಂಗಳುಗಳ ಕೆಲವು ಜರ್ಮನ್ ಟ್ಯಾಂಕುಗಳಲ್ಲಿ ಆನೆದಂತದ ಬಣ್ಣವನ್ನೇ ಕೈಬಿಟ್ಟು ಒಳಗೆಲ್ಲ ಕೆಂಪು ಪ್ರೈಮರ್ ಉಳಿಸಿದ್ದುಂಟು. ಇದನ್ನು ಹಿಡಿದುಕೊಂಡು 1943ರ ಟ್ಯಾಂಕಿಗೂ ಒಳಗೆಲ್ಲ ಕೆಂಪು ಬಳಿಯುವವರಿದ್ದಾರೆ. ಇಸವಿ ನೋಡಿ ಬಳಿಯಬೇಕು.

ಇನ್ನು ತುಕ್ಕು. ಮಾಡೆಲ್ ಪ್ರದರ್ಶನಗಳಲ್ಲಿ ಕೆಲವು ಟ್ಯಾಂಕುಗಳ ಒಳಗೆ ಇಣುಕಿದರೆ ಗುಜರಿ ಅಂಗಡಿಯ ನೆನಪಾಗುತ್ತದೆ. ಗೋಡೆ ತುಂಬ ಕಿತ್ತಳೆ ಕಲೆ. ಹಳೆಯದು ಕಾಣಬೇಕೆಂಬ ಆಸೆ ಅರ್ಥವಾಗುತ್ತದೆ. ಆದರೆ ಓಡುತ್ತಿದ್ದ ಟ್ಯಾಂಕಿನ ಒಳಗಿನ ಕೊಳೆ ಬೇರೆ ಬಗೆಯದು. ಬೂಟಿನ ಕೆಸರು ನೆಲದಲ್ಲಿ ಒಣಗಿ ಮಣ್ಣಿನ ಪದರವಾಗುತ್ತದೆ. ಸೀಟಿನ ಅಂಚು, ಹಿಡಿಕೆ, ಹತ್ತಿಳಿಯುವ ಜಾಗಗಳಲ್ಲಿ ಬಣ್ಣ ಸವೆದು ಕೆಳಗಿನ ಪ್ರೈಮರ್ ಇಣುಕುತ್ತದೆ. ಇನ್ನೂ ಸವೆದರೆ ಕೈ ತಾಗಿ ತಾಗಿ ಹೊಳಪೇರಿದ ಉಕ್ಕು. ಎಣ್ಣೆ, ಗ್ರೀಸು, ಹೊಗೆ ಸೇರಿ ಬಿಳಿಯನ್ನು ಮಾಸಲು ಹಳದಿ ಮಾಡುತ್ತವೆ. ದಿನವೂ ಜನ ಒರಗುವ, ಎಣ್ಣೆಯ ಪಸೆಯಿರುವ ಗೋಡೆಗೆ ಅಷ್ಟು ಬೇಗ ತುಕ್ಕು ಹತ್ತುವುದಿಲ್ಲ. ಕಿತ್ತಳೆ ತುಕ್ಕು ಸರಿಹೊಂದುವುದು ಸುಟ್ಟುಹೋದ ಟ್ಯಾಂಕಿಗೆ. ಬೆಂಕಿ ಬಣ್ಣವನ್ನೆಲ್ಲ ತಿಂದು ಬರಿಮೈ ಮಾಡಿದ ಉಕ್ಕಿಗೆ ಕೆಲವೇ ದಿನಗಳಲ್ಲಿ ತುಕ್ಕು ಬರುತ್ತದೆ, ನಡುನಡುವೆ ಬೂದಿಯ ಬಿಳುಪು. ಅದನ್ನು ಮಾಡುವುದಾದರೆ ಹೊರಗಿನ ಚಕ್ರಗಳ ರಬ್ಬರನ್ನೂ ಸುಟ್ಟಂತೆ ತೋರಿಸಬೇಕು. ಒಳಗೆ ಸುಟ್ಟು ಹೊರಗೆ ಹೊಸತಾಗಿ ನಿಂತ ಟ್ಯಾಂಕು ಎಲ್ಲಿಯದೂ ಅಲ್ಲ.

'ಮ್ಯೂಸಿಯಂನಲ್ಲಿ ಹೀಗೇ ಇದೆ' ಎನ್ನುವುದು ಕೊನೆಯ ಸಾಕ್ಷಿಯೆಂದು ಹಲವರ ಭಾವನೆ. 1943ರ ಏಪ್ರಿಲ್‌ನಲ್ಲಿ ಟ್ಯುನೀಶಿಯಾದಲ್ಲಿ ಬ್ರಿಟಿಷರ ಕೈಸೇರಿದ ಟೈಗರ್ 131 ಈಗ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿ ಓಡುವ ಸ್ಥಿತಿಯಲ್ಲಿದೆ. ಅದರ ಆಕಾರ, ತಿರುಪು, ಬೆಸುಗೆಗಳಿಗೆ ಅದಕ್ಕಿಂತ ಒಳ್ಳೆಯ ಗುರುವಿಲ್ಲ. ಆದರೆ ಬಣ್ಣ? ಯುದ್ಧದ ನಂತರ ಅದಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೊಸ ಬಣ್ಣ ಬಿದ್ದಿದೆ. ಕಪ್ಪುಬಿಳುಪು ಫೋಟೋ ಇನ್ನೂ ಮೋಸ. ಅದರಲ್ಲಿ ಕೆಂಪು ಪ್ರೈಮರ್, ಕಡುಹಸಿರು, ಕಡುಬೂದು ಮೂರೂ ಒಂದೇ ಕಪ್ಪಾಗಿ ಕಾಣಬಹುದು. ಎಲ್ಲಿಂದ ಎಲ್ಲಿಯವರೆಗೆ ತಿಳಿ, ಎಲ್ಲಿಂದ ಕಡು ಎಂಬ ಗೆರೆಯನ್ನು ಫೋಟೋ ತೋರಿಸುತ್ತದೆ. ಅಷ್ಟಕ್ಕೆ ಅದನ್ನು ನಂಬಿದರೆ ಸಾಕು.

ಕುಂಚ ಹಿಡಿದ ಮೇಲೆ ಬರುವ ತಪ್ಪುಗಳೂ ಇವೆ. ಬಿಳಿ ಸುಲಭದ ಬಣ್ಣ ಎನ್ನುವವರು ಅದನ್ನು ಬಳಿದವರಲ್ಲ. ಕಡು ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಕೂರುವುದೇ ಕಷ್ಟ. ಒಂದೇ ಸಲ ದಪ್ಪಗೆ ಎಳೆದರೆ ತಿರುಪಿನ ತಲೆಗಳೆಲ್ಲ ಮುಚ್ಚಿಹೋಗುತ್ತವೆ. ಮೊದಲು ಕೆಂಪು ಪ್ರೈಮರ್, ಅದರ ಮೇಲೆ ತೆಳುವಾಗಿ ನಾಲ್ಕೈದು ಸಲ ಕೆನೆಬಣ್ಣ. ಮೂಲೆಗಳಲ್ಲಿ ಕೆಂಪು ಸ್ವಲ್ಪ ಉಳಿದರೆ ಅದೇ ನೆರಳಾಗುತ್ತದೆ. ನಡುವೆ ತಲೆಗೂದಲಿಗೆ ಹೊಡೆಯುವ ಹೇರ್‌ಸ್ಪ್ರೇಯ ಒಂದು ಪದರ ಕೊಟ್ಟು, ಮೇಲಿನ ಅಕ್ರಿಲಿಕ್ ಬಣ್ಣವನ್ನು ಒದ್ದೆ ಕುಂಚದಿಂದ ಉಜ್ಜಿದರೆ ಸವೆದ ಜಾಗಗಳು ತಾವಾಗಿ ಏಳುತ್ತವೆ. ಕಪ್ಪು ವಾಷ್, ಅಂದರೆ ತೀರಾ ನೀರಾಗಿಸಿದ ಬಣ್ಣ, ಹಾಕಿದರೆ ಆಳ ಬರುತ್ತದೆ ಎಂಬುದೂ ಬಿಳಿಯ ಮಟ್ಟಿಗೆ ಸುಳ್ಳು. ಗೋಡೆ ಮಸಿ ಹಿಡಿದ ಒಲೆಯಂತಾಗುತ್ತದೆ. ತೆಳು ಕಂದು ಸಾಕು, ಅದೂ ಸಂದುಗಳಿಗೆ ಮಾತ್ರ.

ಅಂಟಿನ ವಿಷಯದಲ್ಲಿ ನಾನು ಕೈಸುಟ್ಟುಕೊಂಡಿದ್ದೇನೆ. ಪ್ಲಾಸ್ಟಿಕ್ ಅಂಟು ಅಂಟಿಸುವುದಿಲ್ಲ, ಎರಡು ತುಂಡುಗಳನ್ನು ಕರಗಿಸಿ ಒಂದು ಮಾಡುತ್ತದೆ. ನಡುವೆ ಬಣ್ಣವಿದ್ದರೆ ಕರಗಲು ಪ್ಲಾಸ್ಟಿಕ್ ಸಿಗುವುದಿಲ್ಲ. ಅಚ್ಚುಕಟ್ಟಾಗಿ ಬಳಿದು ಮುಗಿಸಿದ ಒಡಲಿಗೆ ಛಾವಣಿ ಕೂರಿಸಿದರೆ ಎರಡೇ ದಿನಕ್ಕೆ ಅದು ಟಪ್ಪನೆ ಬಿಟ್ಟುಕೊಂಡಿತು. ಈಗ ಬಣ್ಣಕ್ಕೆ ಮೊದಲೇ ಜೋಡಣೆಯ ಅಂಚುಗಳಿಗೆ ಟೇಪು ಸುತ್ತುತ್ತೇನೆ.

ಇನ್ನೊಂದು ಕೆಲಸ ಬಣ್ಣದ ಡಬ್ಬಿ ತೆರೆಯುವ ಮುಂಚಿನದು. ತುಂಡುಗಳನ್ನೆಲ್ಲ ಅಂಟಿಲ್ಲದೆ ಜೋಡಿಸಿ, ಟರೆಟ್ ಕೂರಿಸಿ, ಮುಚ್ಚಳ ತೆರೆದು ಟಾರ್ಚ್ ಬಿಟ್ಟು ನೋಡುತ್ತೇನೆ. ಕಮಾಂಡರನ ಕಂಡಿ ಈ ಅಳತೆಯಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಅದರೊಳಗಿಂದ ಕಾಣುವುದು ಒಂದು ಸೀಟು, ಫಿರಂಗಿಯ ಬೆನ್ನು, ಗೋಡೆಯ ಒಂದು ಚೂರು. ಕಂಡದ್ದಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳುತ್ತೇನೆ. ಕಿಟ್‌ನ ಗುಂಡುಗಳಲ್ಲಿ ಮುಕ್ಕಾಲು ಪಾಲು ಈ ಸಲವೂ ಬಣ್ಣ ಕಾಣದೆ ಕಿಟ್‌ನ ಡಬ್ಬಿಯಲ್ಲೇ ಉಳಿದಿವೆ.