ಇರುವೆಯ ವಾಸನೆ ಕದಿಯುವ ಜೀರುಂಡೆ

ಸಾವಿರಾರು ಇರುವೆಗಳ ಗೂಡಿಗೆ
ಬೇರೆ ಜಾತಿಯ ಹುಳ ನುಗ್ಗಿ
ಬದುಕಿ ಉಳಿಯೋಕೆ ಸಾಧ್ಯನಾ?

ಇದು ದಕ್ಷಿಣ ಕ್ಯಾಲಿಫೋರ್ನಿಯಾ.
ಓಕ್ ಮರದ ಬುಡದಲ್ಲಿ ಇರುವೆಗಳ ಸಾಲು.
ಸರಿಯಾಗಿ ನೋಡಿ,
ಅದರಲ್ಲೊಂದು ಇರುವೆಯೇ ಅಲ್ಲ!

ಅದು ಸೆಪ್ಟೋಬಿಯಸ್.
ರೋವ್ ಬೀಟಲ್ ಕುಟುಂಬದ ಪುಟಾಣಿ ಜೀರುಂಡೆ.
ಹಾರೋಕೂ ಬರಲ್ಲ.

ಇರುವೆಗಳು ತಮ್ಮವರನ್ನು ಗುರುತಿಸೋದು ವಾಸನೆಯಿಂದ.
ಮೈಮೇಲಿನ ಮೇಣದಂಥ ಲೇಪದ ವಾಸನೆ ಅದು.
ವಾಸನೆ ಬೇರೆಯಾದರೆ, ದಾಳಿ!

ಅದಕ್ಕೇ ಈ ಜೀರುಂಡೆ
ಇರುವೆಯ ಬೆನ್ನೇರುತ್ತೆ.
ಅದರ ಕುಡಿಮೀಸೆಯನ್ನು ದವಡೆಯಲ್ಲಿ ಕಚ್ಚಿ ಹಿಡಿಯುತ್ತೆ.
ಕಾಲಿಂದ ಇರುವೆಯ ಮೈ ಉಜ್ಜುತ್ತೆ,
ಅದೇ ಕಾಲಿಂದ ತನ್ನ ಮೈ ಸವರಿಕೊಳ್ಳುತ್ತೆ.
ಎಣ್ಣೆಸ್ನಾನಕ್ಕೆ ಕೂತವರ ಮೈಯಿಂದ
ಎಣ್ಣೆ ಬಳಿದು ಹಚ್ಚಿಕೊಂಡ ಹಾಗೆ!

ಈಗ ಎದುರಾದ ಇರುವೆ
ಮೂಸಿ ನೋಡಿ, ಸುಮ್ಮನೆ ಮುಂದೆ ಹೋಗುತ್ತೆ.

ನನಗಂತೂ ನಿಜವಾದ ಬೆರಗು ಇಲ್ಲಿದೆ.
ಬೆಳೆದ ಜೀರುಂಡೆ
ತನ್ನದೇ ಮೇಣ ತಯಾರಿಸೋದನ್ನ
ಪೂರ್ತಿ ನಿಲ್ಲಿಸಿಬಿಡುತ್ತೆ.
ಹಾಗೆ ನಿಲ್ಲಿಸಿದಾಗಲೇ, ಕದ್ದ ವಾಸನೆ ಚೆನ್ನಾಗಿ ಒಪ್ಪೋದು.

ಆದರೆ ಆ ಮೇಣ ಬರೀ ವಾಸನೆಯಲ್ಲ,
ಮೈಯ ನೀರು ಆರದಂತೆ ಕಾಯೋ ಹೊದಿಕೆ.
ಇರುವೆಗಳಿಂದ ದೂರ ಇಟ್ಟರೆ,
ಕದ್ದ ಲೇಪ ಕರಗುತ್ತೆ,
ಸ್ವಂತದ್ದು ಮತ್ತೆ ಹುಟ್ಟಲ್ಲ.
ಜೀರುಂಡೆ ಒಣಗಿ ಸತ್ತೇಹೋಗುತ್ತೆ.